ಆಟೋಇಮ್ಯೂನ್ ರಕ್ತಹೀನತೆ: ಮನೆಮಂದಿಗೆ ತಿಳಿಯುವ ಪದ ಬೇಕಿತ್ತು

ಎಲ್ಲರಿಗೂ ನಮಸ್ಕಾರ. ಗುಬ್ಬಿಯಲ್ಲಿರುವ ನಮ್ಮ ಚಿಕ್ಕಮ್ಮನಿಗೆ ಆಟೋಇಮ್ಯೂನ್ ಹಿಮೋಲಿಟಿಕ್ ಅನೀಮಿಯಾ ಅಂತ ಗೊತ್ತಾಗಿದೆ. ಮನೆಯವರಿಗಾಗಿ ಕನ್ನಡದಲ್ಲಿ ಒಂದು ಪುಟ ಬರೆದುಕೊಡೋಣ ಅಂತ ಕೂತೆ. ಹೆಸರಿನ ಹತ್ತಿರವೇ ಪೆನ್ನು ನಿಂತಿದೆ.

'ಆಟೋಇಮ್ಯೂನ್' ಅನ್ನುವುದಕ್ಕೆ ಪತ್ರಿಕೆಗಳಲ್ಲಿ 'ಸ್ವಯಂ ನಿರೋಧಕ' ಅಂತ ಓದಿದ್ದೇನೆ. ಕೇಳಿದವರಿಗೆ ದೇಹ ತಾನೇ ರೋಗ ತಡೆಯುತ್ತದೆ, ಒಳ್ಳೆಯದೇ ಅಲ್ವಾ ಅನ್ನಿಸುತ್ತದೆ! ನಡೆಯುವುದು ಉಲ್ಟಾ. ಸೋಂಕಿನ ಮೇಲೆ ಹೋಗಬೇಕಾದ ಪ್ರತಿಕಾಯಗಳು ನಮ್ಮದೇ ಕೆಂಪು ರಕ್ತಕಣಗಳಿಗೆ ಅಂಟಿಕೊಳ್ಳುತ್ತವೆ. ಅಂಥ ಕಣಗಳನ್ನು ಹೆಚ್ಚಾಗಿ ಗುಲ್ಮ (ಹೊಟ್ಟೆಯ ಎಡಗಡೆ ಮೇಲ್ಭಾಗದಲ್ಲಿರುವ ಅಂಗ, ಇಂಗ್ಲಿಷಿನಲ್ಲಿ ಸ್ಪ್ಲೀನ್) ಹಿಡಿದು ನಾಶ ಮಾಡುತ್ತದೆ. ಸುಮಾರು 120 ದಿನ ಬಾಳಬೇಕಾದ ಕಣ ಬೇಗನೆ ಹೋಗಿಬಿಡುತ್ತದೆ. ಮೂಳೆಮಜ್ಜೆ ಹೊಸ ಕಣ ಮಾಡಿ ಸುರಿದರೂ ಸಾಲುವುದಿಲ್ಲ. ಅಂಟಿದ ಪ್ರತಿಕಾಯವನ್ನು ಪತ್ತೆ ಮಾಡುವುದೇ ಕೂಂಬ್ಸ್ ಟೆಸ್ಟ್. ಚಿಕ್ಕಮ್ಮನದು ಪಾಸಿಟಿವ್. (ಕೊರೊನಾ ಪುಣ್ಯ, ಆ ಪದವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.)

'ರಕ್ತಹೀನತೆ' ಅಂದರೂ ಕಷ್ಟ. ನಮ್ಮ ಕಡೆ ಅದು 'ರಕ್ತ ಕಮ್ಮಿ'. ಆ ಮಾತು ಕಿವಿಗೆ ಬಿದ್ದದ್ದೇ ತಡ, ನುಗ್ಗೆಸೊಪ್ಪು, ಬೀಟ್‌ರೂಟ್, ಕಬ್ಬಿಣದ ಮಾತ್ರೆ ಶುರು. ಇಲ್ಲಿ ಮೂಲ ಕಬ್ಬಿಣದ ಕೊರತೆಯಲ್ಲ. ಡಾಕ್ಟರ್ ಕೊಟ್ಟಿರುವುದು ಸ್ಟೀರಾಯ್ಡ್, ಜೊತೆಗೆ ಫೋಲಿಕ್ ಆಸಿಡ್. ಸೊಪ್ಪು ತಿನ್ನಲಿ, ಬೇಡ ಅನ್ನಲ್ಲ. ಆದರೆ ಸೊಪ್ಪು ತಿಂತಿದೀನಲ್ಲ ಅಂತ ಸ್ಟೀರಾಯ್ಡ್ ಅನ್ನು ತಾವಾಗೇ ನಿಲ್ಲಿಸಿಬಿಟ್ಟರೆ ಅಪಾಯ.

ಕಣ್ಣು ಬೇರೆ ಹಳದಿಯಾಗಿದೆ. ಕಣಗಳು ಒಡೆದು ಬಿಲಿರುಬಿನ್ ಅನ್ನುವ ಹಳದಿ ವಸ್ತು ಜಾಸ್ತಿಯಾದದ್ದಕ್ಕೆ ಅದು. ನೋಡೋಕೆ ಬಂದವರೆಲ್ಲ 'ಕಾಮಾಲೆ' ಅಂತ ತೀರ್ಮಾನ ಮಾಡಿ, ನಾಟಿ ಔಷಧಿ ಕೊಡುವ ಊರಿನ ಹೆಸರು ಹೇಳಿ ಹೋಗುತ್ತಾರೆ.

'ರಕ್ತ ಒಡೆಯುವ ಕಾಯಿಲೆ' ಅಂತ ಹೇಳಿ ನೋಡಿದೆ. "ಹಾಲು ಒಡೆದಂಗೇನೋ?" ಅಂದರು ಚಿಕ್ಕಮ್ಮ. 'ರಕ್ತ ಕೆಟ್ಟಿದೆ' ಅನ್ನೋಣವೆಂದರೆ ಅದು ಕಜ್ಜಿ, ಕುರುವಿನ ಮಾತು. ಸದ್ಯಕ್ಕೆ 'ಮೈ ತನ್ನ ರಕ್ತಕಣವನ್ನೇ ಕೊಲ್ಲುವ ಕಾಯಿಲೆ' ಅಂತ ಬರೆದಿಟ್ಟಿದ್ದೇನೆ. ಉದ್ದವಾಯಿತು, 'ಕೊಲ್ಲುವ' ಅಂದರೆ ರೋಗಿ ಹೆದರಲೂಬಹುದು.

ಇದಕ್ಕಿಂತ ಚಿಕ್ಕದಾಗಿ, ಮೆತ್ತಗೆ ಹೇಳುವ ಪದ ಯಾರಾದರೂ ಬಳಸುತ್ತೀರಾ? ಶಿರಾ, ಪಾವಗಡ, ಚಿಂತಾಮಣಿ ಕಡೆ ಆಸ್ಪತ್ರೆಗಳಲ್ಲಿ ನರ್ಸ್‌ಗಳು ಏನನ್ನುತ್ತಾರೆ? ಹಾಗೇ, ಗುಲ್ಮಕ್ಕೆ ನಿಮ್ಮ ಊರಲ್ಲಿ ಆಡುಮಾತಿನ ಹೆಸರಿದ್ದರೆ ಅದನ್ನೂ ಹೇಳಿ. ಗುಲ್ಮ ಅಂದರೆ ಮನೆಯಲ್ಲಿ ಒಬ್ಬರಿಗೂ ಗೊತ್ತಿಲ್ಲ.