ಪದ ಬೇಕು, ಗುರುವಾರದೊಳಗೆ: ಮೈಯಿಂದ, ದನಿಯಿಂದ ಆಡುವ ವಿಡಿಯೋ ಗೇಮ್‌ಗೆ ಏನನ್ನಬೇಕು?

ದಾವಣಗೆರೆ, ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಗುರುವಾರ ಬೆಳಿಗ್ಗೆ ಫ್ಲೆಕ್ಸ್ ಅಂಗಡಿಗೆ ಬರಹ ಕೊಡಬೇಕು. ಅದಕ್ಕೆ ಎರಡು ಪದ ಬೇಕಾಗಿವೆ.

ಇಲ್ಲಿ ದಾವಣಗೆರೆಯಲ್ಲಿ ಪ್ರತಿ ಭಾನುವಾರ 15 ಮಕ್ಕಳನ್ನು ಸೇರಿಸಿಕೊಂಡು ವಿಡಿಯೋ ಗೇಮ್ ಕಟ್ಟುವ ಶಿಬಿರ ನಡೆಸುತ್ತಿದ್ದೇವೆ. ಎಲ್ಲರೂ ಆರರಿಂದ ಎಂಟನೇ ಕ್ಲಾಸಿನವರು. ಕೋಡ್ ಬರೆಯುವುದಿಲ್ಲ, ಆಟ ಯೋಚಿಸುವುದಷ್ಟೇ. ನಿಯಮ ಒಂದೇ. ಕೈಯಲ್ಲಿ ಗುಂಡಿ ಒತ್ತುವ ಡಬ್ಬಿ ಇರಬಾರದು. ಇಡೀ ಮೈ ಆಡಿಸಿ ಆಡಬೇಕು, ಇಲ್ಲವೇ ಬಾಯಲ್ಲಿ ಹೇಳಿ ಆಡಬೇಕು. 2010ರಲ್ಲಿ ಮೈಕ್ರೋಸಾಫ್ಟ್ ತಂದ ಕಿನೆಕ್ಟ್ ಅನ್ನುವ ಗೇಮ್ ಕ್ಯಾಮೆರಾ ನೆನಪಿದೆ ಅಲ್ವಾ? ಇನ್‌ಫ್ರಾರೆಡ್ ಬೆಳಕಿನಿಂದ ದೂರ ಅಳೆದು ಮೈಯ 20 ಕೀಲುಗಳನ್ನು ಅದು ಗುರುತು ಹಿಡಿಯುತ್ತಿತ್ತು. ದನಿ ಕೇಳಲು ನಾಲ್ಕು ಮೈಕ್ ಇದ್ದವು. ನಮ್ಮ ಹತ್ತಿರ ಅದಿಲ್ಲ. ನಮ್ಮಲ್ಲೊಬ್ಬರು ಮಕ್ಕಳ ಹಿಂದೆ ಕೀಬೋರ್ಡ್ ಇಟ್ಟುಕೊಂಡು ಕೂರುತ್ತೇವೆ. ಮಗು ಜಿಗಿದರೆ ನಾವು ಕೀಲಿ ಒತ್ತುತ್ತೇವೆ, ಪರದೆಯ ಮೇಲಿನ ಬೊಂಬೆ ಜಿಗಿಯುತ್ತದೆ. ಆಟದಲ್ಲಿ ಜೀವ ಇದೆಯಾ ಇಲ್ಲವಾ ಅಂತ ತಿಳಿಯಲು ಅಷ್ಟು ಸಾಕು.

ಮೊದಲ ಭಾನುವಾರ ಬಾಗಿಲಿಗೆ ಹಾಳೆ ಅಂಟಿಸಿದ್ದೆ. ‘ದೇಹಚಲನೆ ನಿಯಂತ್ರಣ ಮತ್ತು ಧ್ವನಿ ನಿಯಂತ್ರಣ’ ಅಂತ. ಮಕ್ಕಳು ಓದಿಕೊಂಡು ಒಳಗೆ ಬಂದರು, ಕೈಕಟ್ಟಿ ಕೂತರು. ಉಸಿರಿಲ್ಲ. ಐದು ನಿಮಿಷ ಆದ ಮೇಲೆ ಒಬ್ಬಳು ಮೆಲ್ಲಗೆ ಕೇಳಿದಳು: “ಅಲ್ಲಾಡಬಾರದು, ಸದ್ದು ಮಾಡಬಾರದು ಅಂತಾನಾ ಸಾರ್?”

ತಪ್ಪು ಅವಳದಲ್ಲ. ಸೊಳ್ಳೆ ನಿಯಂತ್ರಣ, ರೋಗ ನಿಯಂತ್ರಣ, ಮಾಲಿನ್ಯ ನಿಯಂತ್ರಣ ಮಂಡಳಿ. ಕನ್ನಡದಲ್ಲಿ ‘ನಿಯಂತ್ರಣ’ದ ಮುಂಚೆ ಬರುವುದೆಲ್ಲ ತಡೆಯಬೇಕಾದದ್ದೇ. ನಾನು ‘ಧ್ವನಿಯಿಂದ’ ಅಂದುಕೊಂಡು ಬರೆದೆ. ಅವಳು ‘ಧ್ವನಿಯ’ ಅಂತ ಬಿಡಿಸಿಕೊಂಡಳು. ಹನ್ನೆರಡು ವರ್ಷದ ಮಗು ಓದಿದ ಕೂಡಲೇ ಎದ್ದು ಕುಣಿಯಬೇಕು ಅನ್ನಿಸುವಂಥ ಪದ ಬೇಕು. ದಯವಿಟ್ಟು ಬೇಗ ಹೇಳಿ.

ಬೆಂಗಳೂರು, ಸೋಮವಾರ ರಾತ್ರಿ

‘ಧ್ವನಿಯಿಂದ ನಿಯಂತ್ರಣ’ ಅಂತ ಬಿಡಿಸಬೇಕು, ತೃತೀಯಾ ತತ್ಪುರುಷ. ಪದ ಸರಿಯಾಗಿದೆ. ಪದ ಬದಲಿಸುವ ಬದಲು ಮಕ್ಕಳಿಗೆ ಸಮಾಸ ಹೇಳಿಕೊಡಿ.

ಚಿತ್ರದುರ್ಗ, ಮಂಗಳವಾರ ಬೆಳಿಗ್ಗೆ

ಫ್ಲೆಕ್ಸ್ ಮೇಲೆ ಸಮಾಸ ಪಾಠ ಮಾಡಲು ಆಗುವುದಿಲ್ಲ. ದೇಹ, ಚಲನೆ, ಧ್ವನಿ, ನಿಯಂತ್ರಣ. ನಾಲ್ಕೂ ಪದ ಹೊರಗಿನವು. ನಮ್ಮಲ್ಲಿ ‘ಹಿಡಿತ’ ಇದೆ. ‘ಮೈಹಿಡಿತ’, ‘ಉಲಿಹಿಡಿತ’ ಅನ್ನಿ.

ಶಿವಮೊಗ್ಗ, ಮಂಗಳವಾರ ಬೆಳಿಗ್ಗೆ

‘ಮೈಹಿಡಿತ’ ಅಂದರೆ ನಮ್ಮ ಕಡೆ ಬೆಳಿಗ್ಗೆ ಏಳಲು ಆಗದೆ ಮೈ ಹಿಡಿದುಕೊಳ್ಳುವುದು. ಎಣ್ಣೆ ಹಚ್ಚಿ ಬಿಸಿನೀರು ಹಾಕುತ್ತಾರೆ. ಮೋಷನ್ ಕಂಟ್ರೋಲ್, ವಾಯ್ಸ್ ಕಂಟ್ರೋಲ್ ಅಂತಲೇ ಕನ್ನಡ ಲಿಪಿಯಲ್ಲಿ ಬರೆಯಿರಿ. ಬಸ್ಸು, ರೋಡು, ಸ್ಕೂಲು ಬಂದ ಹಾಗೆ ಇವೂ ಬರಲಿ. ಮಕ್ಕಳಿಗೆ ಗೇಮ್ ಗೊತ್ತು, ರಿಮೋಟ್ ಗೊತ್ತು. ಯಾರಿಗೂ ತೊಂದರೆ ಇಲ್ಲ.

ಚಿತ್ರದುರ್ಗ, ಮಂಗಳವಾರ ಮಧ್ಯಾಹ್ನ

ತೊಂದರೆ ಇದೆ. ಬಸ್ಸು ಬಂದಾಗ ನಮ್ಮಲ್ಲಿ ಬಸ್ಸಿರಲಿಲ್ಲ. ಮೈ ಇರಲಿಲ್ಲವೇ? ಬಾಯಿ ಇರಲಿಲ್ಲವೇ? ವಸ್ತು ಬಂದರೆ ಅದರ ಹೆಸರೂ ಬರಲಿ, ನಾನು ಬೇಡ ಅನ್ನುವುದಿಲ್ಲ. ನಮ್ಮ ಮೈ ನಾವು ಆಡಿಸುವುದಕ್ಕೂ ಸಾಲ ತರಬೇಕಾ?

‘ಆಡು’ ಅನ್ನುವ ಒಂದು ಧಾತುವನ್ನು ನೋಡಿ. ಆಟ ಆಡುತ್ತೇವೆ. ಮಾತಾಡುತ್ತೇವೆ. ಮರದ ಕೊಂಬೆ ಅಲ್ಲಾಡುತ್ತದೆ. ಮಗು ಓಡಾಡುತ್ತದೆ. ಉಸಿರೂ ಆಡುತ್ತದೆ. ಆಟ, ಅಲುಗಾಟ, ಮಾತು, ಮೂರನ್ನೂ ಕನ್ನಡ ಒಂದೇ ಧಾತುವಿನಲ್ಲಿ ಕಟ್ಟಿಟ್ಟಿದೆ. ನೀವು ಕೇಳುತ್ತಿರುವುದೂ ಆ ಮೂರು ಸೇರಿದ ಆಟವನ್ನೇ. ‘ಮೈಯಾಟ, ಮಾತಾಟ’ ಅನ್ನಿ, ಮುಗಿಯಿತು.

ಧಾರವಾಡ, ಮಂಗಳವಾರ ಸಂಜೆ

‘ಆಡು’ ವಿಚಾರ ಚೆನ್ನಾಗಿದೆ. ಆದರೆ ‘ಮೈಯಾಟ’ ಅಂತ ದೊಡ್ಡಕ್ಷರದಲ್ಲಿ ಬರೆದು ಬೀದಿಯಲ್ಲಿ ಹಾಕಬೇಡಿ. ಮಕ್ಕಳ ಶಿಬಿರ ಅದು. ನಾಟ್ಯಶಾಸ್ತ್ರದಲ್ಲಿ ಸಿದ್ಧ ಪದಗಳಿವೆ: ಆಂಗಿಕ, ವಾಚಿಕ. ಮೈಯಿಂದ ಮಾಡುವುದು ಆಂಗಿಕ, ಮಾತಿನಿಂದ ಮಾಡುವುದು ವಾಚಿಕ. ಯಕ್ಷಗಾನದವರು ಇಂದಿಗೂ ಬಳಸುತ್ತಾರೆ. ಬೇಡ ಅಂದರೆ ‘ಮೈಚಲನೆ’ ಅನ್ನಬಹುದು.

ಚಿತ್ರದುರ್ಗ, ಮಂಗಳವಾರ ಸಂಜೆ

ಮೈ ಕನ್ನಡ, ಚಲನೆ ಸಂಸ್ಕೃತ. ಎರಡನ್ನೂ ಬೆರೆಸಿದರೆ ಅರಿಸಮಾಸ. ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜ ಒಪ್ಪುವುದಿಲ್ಲ.

ಧಾರವಾಡ, ಮಂಗಳವಾರ ರಾತ್ರಿ

‘ಮಳೆಗಾಲ’ ಅನ್ನುತ್ತೀರಾ ಇಲ್ಲವಾ? ಮಳೆ ಕನ್ನಡ, ಕಾಲ ಸಂಸ್ಕೃತ. ಆದೇಶ ಸಂಧಿಗೆ ಎಲ್ಲ ಮೇಷ್ಟ್ರೂ ಕೊಡುವ ಉದಾಹರಣೆ ಅದೇ.

ಚಿತ್ರದುರ್ಗ, ಮಂಗಳವಾರ ರಾತ್ರಿ

ಕಾಲ ಸಮಸಂಸ್ಕೃತ, ಅಂದರೆ ರೂಪ ಬದಲಾಗದೆ ಕನ್ನಡಕ್ಕೆ ಬಂದ ಸಂಸ್ಕೃತ ಪದ. ಅದರ ಲೆಕ್ಕ ಬೇರೆ.

ಧಾರವಾಡ, ಮಂಗಳವಾರ ರಾತ್ರಿ

ದಯಾ ‘ದಯೆ’ ಆದರೆ, ಮಾಲಾ ‘ಮಾಲೆ’ ಆದರೆ ತದ್ಭವ ಅನ್ನುತ್ತೇವೆ. ‘ಚಲನೆ’ಯ ಕೊನೆಯ ಎಕಾರವೂ ಕನ್ನಡ ಹಾಕಿದ್ದೇ. ಸಮಸಂಸ್ಕೃತಕ್ಕೆ ರಿಯಾಯಿತಿ ಕೊಟ್ಟು ತದ್ಭವಕ್ಕೆ ಬಾಗಿಲು ಹಾಕುತ್ತೀರಾ?

ಚಿತ್ರದುರ್ಗ, ಬುಧವಾರ ಬೆಳಿಗ್ಗೆ

ವಾದ ಬೇಡ. ಯಾರ ಸಾಲವೂ ಇಲ್ಲದ ಪದ ಕೊಡುತ್ತೇನೆ. ಕೈಸನ್ನೆ ಇದೆ, ಕಣ್ಸನ್ನೆ ಇದೆ. ಅದೇ ದಾರಿಯಲ್ಲಿ ‘ಮೈಸನ್ನೆ’.

ಧಾರವಾಡ, ಬುಧವಾರ ಬೆಳಿಗ್ಗೆ

‘ಸನ್ನೆ’ ಸಂಸ್ಕೃತದ ‘ಸಂಜ್ಞಾ’ದ ತದ್ಭವ.

ಚಿತ್ರದುರ್ಗ, ಬುಧವಾರ ಬೆಳಿಗ್ಗೆ

ಹಾಗಿದ್ದರೆ ಬೇಡ. ವಾಪಸ್ ತೆಗೆದುಕೊಂಡೆ.

ದಾವಣಗೆರೆ, ಬುಧವಾರ ರಾತ್ರಿ

ದಯವಿಟ್ಟು ವಾಪಸ್ ತೆಗೆದುಕೊಳ್ಳಬೇಡಿ. ನನಗೆ ಬೇಕಾಗಿದ್ದದ್ದು ಅದೇ.

ಯಾಕೆ ಅಂತ ಹೇಳುತ್ತೇನೆ. ನಿಯಂತ್ರಣ, ಹಿಡಿತ, ಕಂಟ್ರೋಲ್, ಮೂರರಲ್ಲೂ ಯಾರೋ ಯಾರನ್ನೋ ತಡೆದು ಹಿಡಿಯುವ ಭಾವ ಇದೆ. ಸನ್ನೆ ಹಾಗಲ್ಲ. ಸನ್ನೆ ನಾವು ಕೊಡುವುದು. ಎದುರಿಗಿರುವವರು ಅರ್ಥ ಮಾಡಿಕೊಂಡು ನಡೆದುಕೊಳ್ಳುತ್ತಾರೆ. ಮಗುವಿಗೂ ಯಂತ್ರಕ್ಕೂ ನಡುವೆ ಆಗುವುದು ಇಷ್ಟೇ ಅಲ್ವಾ? ‘ಕೈಸನ್ನೆ’ಯನ್ನು ಯಾರೂ ‘ಕೈಯನ್ನು ತಡೆಯುವುದು’ ಅಂತ ಬಿಡಿಸುವುದಿಲ್ಲ. ಸಂಜ್ಞೆಯಿಂದ ಬಂದಿದ್ದರೆ ಬರಲಿ. ನಮ್ಮ ಅಜ್ಜಿ ಸಂತೆಯಲ್ಲಿ ಕಣ್ಸನ್ನೆ ಮಾಡಿ ನನ್ನನ್ನು ಸುಮ್ಮನಿರಿಸುತ್ತಿದ್ದಾಗ ಅದು ಕನ್ನಡವೇ ಆಗಿತ್ತು.

ದನಿಗೆ ಬೇರೆ ಸಮಾಸವೇ ಬೇಡ ಅನ್ನಿಸಿತು. ‘ಕೂಗು’ ಸಾಕು. ನಮ್ಮ ಮಕ್ಕಳು ಹೇಗೂ ಮೆಲ್ಲಗೆ ಹೇಳುವುದಿಲ್ಲ.

ಕಳೆದ ಭಾನುವಾರ ನನಗೇ ಹೊಸದಾಗಿ ಹೊಳೆದ ಒಂದು ಮಾತು ಹೇಳಲೇಬೇಕು. ಮೈಸನ್ನೆ, ಕೂಗು ಎರಡೂ ಸೇರಿದ ಆಟ ಮಕ್ಕಳಿಗೆ ಹೊಸದೇನಲ್ಲ. ಕಬಡ್ಡಿ ಅದೇ. ‘ಕಬಡ್ಡಿ ಕಬಡ್ಡಿ’ ಅನ್ನುತ್ತಿರುವವರೆಗೆ ಆಚೆ ಅಂಕಣದಲ್ಲಿ ಇರಬಹುದು, ಉಸಿರು ಕಡಿದರೆ ಔಟ್. ಅಲ್ಲಿ ದನಿಯೇ ಆಟ ನಡೆಸುತ್ತದೆ. ಇದನ್ನು ಹೇಳಿದ ಮೇಲೆ ಮಕ್ಕಳ ಯೋಚನೆ ಬೇರೆ ದಾರಿ ಹಿಡಿಯಿತು. ಅದಕ್ಕೆ ಮೊದಲು ಎಲ್ಲರೂ ಕಾರು ಓಡಿಸುವುದು, ಗುಂಡು ಹೊಡೆಯುವುದೇ ಹೇಳುತ್ತಿದ್ದರು.

ಮೊದಲ ದಿನ ಪ್ರಶ್ನೆ ಕೇಳಿದ ಹುಡುಗಿಯೇ ಓಬವ್ವನ ಕಿಂಡಿಯ ಆಟ ಕಟ್ಟಿದಳು. ಸ್ಕೂಲಿನಿಂದ ದುರ್ಗದ ಕೋಟೆಗೆ ಹೋಗಿದ್ದಾಗ ಆ ಕಿಂಡಿಯಲ್ಲಿ ಮೈ ಕುಗ್ಗಿಸಿ ನುಸುಳಿದ್ದಳಂತೆ. ಅವಳ ಆಟದಲ್ಲಿ ಎರಡೂ ಕೈ ಜೋಡಿಸಿ ತಲೆಯ ಮೇಲೆ ಎತ್ತಿ ಇಳಿಸಿದರೆ ಒನಕೆ ಏಟು. ಆದರೆ ಬಾಯಿಂದ ಸದ್ದು ಬಂದರೆ ಹೈದರಾಲಿಯ ಸೈನಿಕರಿಗೆ ಗೊತ್ತಾಗುತ್ತದೆ, ಆಟ ಮುಗಿಯುತ್ತದೆ. ಊಟಕ್ಕೆ ಹೋದ ಕಾವಲುಗಾರ ಗಂಡ ವಾಪಸ್ ಬಂದ ಮೇಲೆ ಮಾತ್ರ ಕಹಳೆಯ ಹಾಗೆ ಜೋರಾಗಿ ಕೂಗಬೇಕು. ಅಷ್ಟು ಹೊತ್ತು ಬಾಯಿ ಮುಚ್ಚಿ ಒನಕೆ ಎತ್ತುವುದಿದೆಯಲ್ಲ, ನಾನೂ ಆಡಿ ನೋಡಿದೆ, ತುಂಬಾ ಕಷ್ಟ. ಇಲ್ಲಿ ಮಾತ್ರ ನನ್ನ ಹಳೆಯ ‘ಧ್ವನಿ ನಿಯಂತ್ರಣ’ ಎರಡೂ ಅರ್ಥದಲ್ಲಿ ಸರಿಹೋಗುತ್ತದೆ. ಬೆಂಗಳೂರಿನವರು ಇದನ್ನು ಒಪ್ಪುತ್ತಾರೆ ಅಂದುಕೊಂಡಿದ್ದೇನೆ.

ಬೆಂಗಳೂರು, ಬುಧವಾರ ರಾತ್ರಿ

ಒಪ್ಪಿದೆ. ಆ ಆಟಕ್ಕೆ ಮಾತ್ರ.

ಶಿವಮೊಗ್ಗ, ಬುಧವಾರ ರಾತ್ರಿ

ಕೊನೆಗೂ ಫ್ಲೆಕ್ಸ್, ಕೀಬೋರ್ಡ್, ಔಟ್, ವಿಡಿಯೋ ಗೇಮ್ ಹಾಗೇ ಉಳಿದವು. ಅವಕ್ಕೆ ಯಾರೂ ಜಗಳ ಆಡಲಿಲ್ಲ.

ಚಿತ್ರದುರ್ಗ, ಬುಧವಾರ ರಾತ್ರಿ

ನಾಳೆ ಆಡೋಣ. ‘ಸನ್ನೆ’ ಬಗ್ಗೆ ನನ್ನ ಒಪ್ಪಿಗೆ ಇಲ್ಲ ಅಂತ ದಾಖಲಾಗಲಿ. ಓಬವ್ವನ ಆಟ ನೋಡಲು ಭಾನುವಾರ ಬರುತ್ತೇನೆ.

ದಾವಣಗೆರೆ, ಗುರುವಾರ ಬೆಳಿಗ್ಗೆ

ಖಂಡಿತ ಬನ್ನಿ. ಬರಹ ಕೊಟ್ಟು ಬಂದೆ. ಮೇಲೆ ದೊಡ್ಡದಾಗಿ ‘ಕೈಕಾಲು ಆಡಿಸಿ, ಕೂಗಿ, ಆಟ ಕಟ್ಟೋಣ ಬನ್ನಿ’. ಕೆಳಗೆ ಚಿಕ್ಕದಾಗಿ ‘ಮೈಸನ್ನೆ ಮತ್ತು ಕೂಗಿನ ವಿಡಿಯೋ ಗೇಮ್ ಶಿಬಿರ’. ‘ಆಡಿಸಿ’ ಬಂದಿದ್ದು ದುರ್ಗದವರ ಧಾತುವಿನಿಂದ. ಅಂಗಡಿಯವರು ಓದಿ, ತಮ್ಮ ಮಗನನ್ನು ಕಳಿಸಬಹುದಾ ಅಂತ ಕೇಳಿದರು.

ಇನ್ನೊಂದು ತೊಡಕು ಉಳಿದಿದೆ. ಇದು ಕೂಗಿನದು. ಇನ್ನೊಂದು ತಂಡ ಏಳು ಸುತ್ತಿನ ಕೋಟೆ ಹತ್ತುವ ಆಟ ಮಾಡಿದೆ. ‘ಹತ್ತು’ ಅಂದರೆ ಬೊಂಬೆ ಗೋಡೆ ಹತ್ತಬೇಕು, ‘ಏಳು’ ಅಂದರೆ ಬಿದ್ದಲ್ಲಿಂದ ಏಳಬೇಕು. ಪಕ್ಕದಲ್ಲಿ ಇನ್ನೊಬ್ಬ ಅಂಕ ಎಣಿಸುತ್ತಿದ್ದ. ಆರು, ಏಳು, ಎಂಟು, ಒಂಬತ್ತು, ಹತ್ತು! ಕೀಬೋರ್ಡ್ ಹಿಡಿದು ಕೂತಿದ್ದವನು ನಾನು. ಕನ್ನಡ ಬರುವ ನನ್ನ ಕಿವಿಯೇ ಮೋಸ ಹೋಯಿತು, ಬೊಂಬೆ ಗೋಡೆಯಿಂದ ಬಿತ್ತು. ಯಂತ್ರ ಏನು ಮಾಡೀತು? ‘ಏಳು’, ‘ಇಳಿ’, ‘ಎಳೆ’ ಕೂಡ ಗದ್ದಲದಲ್ಲಿ ಒಂದೇ ತರಹ ಕೇಳುತ್ತವೆ. ನಿಲ್ಲುವುದಕ್ಕೆ ಹರಿಹರದ ಕಡೆಯ ಹುಡುಗರು ‘ನಿಂದ್ರು’ ಅನ್ನುತ್ತಾರೆ, ಉಳಿದವರು ‘ನಿಲ್ಲು’. ಅದಕ್ಕೆ ಎರಡನ್ನೂ ಇಟ್ಟುಕೊಂಡಿದ್ದೇವೆ. ‘ಹತ್ತು’ ಬದಲು ‘ಏರು’ ಆಗಬಹುದು.

‘ಏಳು’ ಬದಲು ಮಾತ್ರ ಸಿಕ್ಕಿಲ್ಲ. ‘ಎದ್ದೇಳು’ ಅನ್ನುವಷ್ಟರಲ್ಲಿ ಮೇಲಿನಿಂದ ಬಂಡೆ ಬಿದ್ದಿರುತ್ತದೆ. ಒಂದೇ ಉಸಿರಿನಲ್ಲಿ ಕೂಗುವಂಥದ್ದು, ಬೇರೆ ಯಾವುದರ ಹಾಗೂ ಕೇಳಿಸದಂಥದ್ದು ಇದ್ದರೆ ಭಾನುವಾರದೊಳಗೆ ಹೇಳಿ.