ಪದಚರ್ಚೆ: ಗ್ರಾಹಕರನ್ನು 'ದಾರಿ ತಪ್ಪಿಸಿದರು' ಅನ್ನಬೇಕೋ, 'ಯಾಮಾರಿಸಿದರು' ಅನ್ನಬೇಕೋ?

ಎಲ್ಲರಿಗೂ ನಮಸ್ಕಾರ.

ಡಿಸೆಂಬರ್ 24ರ ಗ್ರಾಹಕರ ದಿನಕ್ಕೆ ಕೋಲಾರದ ಒಂದು ಕಾಲೇಜಿನಲ್ಲಿ ಹಂಚೋಣ ಅಂತ ಎರಡು ಪುಟದ ಕರಪತ್ರ ಬರೆಯುತ್ತಿದ್ದೇನೆ. ಫೋನಿನಿಂದ ನಮ್ಮ ವಿವರ ಹೇಗೆ ಹೋಗುತ್ತದೆ, ಅದರ ಮೇಲೆ ಎಲ್ಲಿ ಕೇಸು ನಡೆದಿದೆ ಅನ್ನುವುದು ವಿಷಯ. ಉದಾಹರಣೆಗೆ ಆಸ್ಟ್ರೇಲಿಯಾದ ಗೂಗಲ್ ಕೇಸು ಹಿಡಿದೆ. ತಲೆಬರಹದಲ್ಲೇ ಸಿಕ್ಕಿಕೊಂಡೆ.

'ಗ್ರಾಹಕರ ದಾರಿ ತಪ್ಪಿಸಿದ ಗೂಗಲ್‌ಗೆ ದಂಡ' ಅಂತ ಬರೆದು, ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದ ಅಮ್ಮನಿಗೆ ಓದಿದೆ. "ಯಾಕೆ, ಕುಡಿಯೋದು ಕಲಿಸಿತಾ?" ಅಂದರು. ನಮ್ಮ ಕಡೆ ದಾರಿ ತಪ್ಪೋರು ಹುಡುಗರು ತಾನೇ. ತಮ್ಮ ಇನ್ನೂ ಮುಂದೆ ಹೋಗಿ, ಮ್ಯಾಪ್ ನಂಬಿ ಯಾರದೋ ಮಾವಿನ ತೋಪಿಗೆ ಕಾರು ನುಗ್ಗಿಸಿದ ಕಥೆ ಅಂದುಕೊಂಡ!

ಕೇಸು ಇಷ್ಟು. ಆಂಡ್ರಾಯ್ಡ್ ಫೋನಿನಲ್ಲಿ 'ಲೊಕೇಷನ್ ಹಿಸ್ಟರಿ' ಅಂತ ಒಂದು ಸೆಟಿಂಗ್. ಅದು ಆಫ್ ಇದ್ದರೆ ನಾವು ಎಲ್ಲಿದ್ದೇವೆ ಅನ್ನೋದು ಗೂಗಲ್‌ಗೆ ಹೋಗಲ್ಲ ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಆದರೆ 'ವೆಬ್ ಅಂಡ್ ಆ್ಯಪ್ ಆಕ್ಟಿವಿಟಿ' ಅಂತ ಇನ್ನೊಂದಿತ್ತು. ಅದು ಮೊದಲಿಂದಲೇ ಆನ್. ಜಾಗದ ವಿವರ ಅದರ ಮೂಲಕವೂ ಹೋಗುತ್ತಿತ್ತು. 2017ರ ಜನವರಿಯಿಂದ 2018ರ ಡಿಸೆಂಬರ್‌ವರೆಗಿನ ಮಾತು ಇದು. ಅಲ್ಲಿನ ಗ್ರಾಹಕ ಆಯೋಗ 2019ರಲ್ಲಿ ಕೋರ್ಟಿಗೆ ಹೋಯಿತು. 2021ರಲ್ಲಿ ತೀರ್ಪು, 2022ರ ಆಗಸ್ಟ್‌ನಲ್ಲಿ 6 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ.

ಹಾಗಾದರೆ 'ವಂಚನೆ' ಅನ್ನೋಣವೇ? ನನಗೆ ಒಪ್ಪಿಗೆಯಿಲ್ಲ. ವಂಚನೆ ಅಂದ ಕೂಡಲೇ ಜನಕ್ಕೆ ಫೋರ್ ಟ್ವೆಂಟಿ ನೆನಪಾಗುತ್ತದೆ. ಅಲ್ಲಿ ಕೆಟ್ಟ ಉದ್ದೇಶ ಇತ್ತು ಅಂತ ತೋರಿಸಬೇಕು. ಆಸ್ಟ್ರೇಲಿಯಾದ ಆ ಗ್ರಾಹಕ ಕಾನೂನಿಗೆ ಅದು ಬೇಕಿಲ್ಲ. ನೋಡಿದವರು ತಪ್ಪಾಗಿ ತಿಳಿಯುವ ಹಾಗೆ ನಡೆದುಕೊಂಡರೆ ಸಾಕು. 'ಮೋಸ'ಕ್ಕೂ ಇದೇ ತೊಂದರೆ. 'ಟೋಪಿ ಹಾಕು' ಅಂದರೆ ಕೈಯಿಂದ ದುಡ್ಡು ಹೋಗಿರಬೇಕು.

ನನಗೆ ಹಿಡಿಸಿರುವುದು 'ಯಾಮಾರಿಸು'. ಎಪಿಎಂಸಿ ಯಾರ್ಡಿನಲ್ಲಿ ಟೊಮೆಟೊ ಹರಾಜು ಕೂಗುವಾಗ ಫೋನ್ ಬಂತು ಅಂತ ಆ ಕಡೆ ತಿರುಗಿ ಒಳ್ಳೇ ಮಾಲು ಕೈತಪ್ಪಿದರೆ "ಯಾಮಾರಿಬಿಟ್ಟೆ" ಅನ್ನುತ್ತಾರೆ. ಅಲ್ಲಿ ಯಾರೂ ಸುಳ್ಳು ಹೇಳಿಲ್ಲ. ಗಮನ ಬೇರೆ ಕಡೆ ಇತ್ತು, ಅಷ್ಟೇ. ಆ ಎರಡನೇ ಸೆಟಿಂಗ್ ಮಾಡಿದ್ದೂ ಇದನ್ನೇ, ಅಲ್ವಾ? ಜೊತೆಗೆ ಈ ಪದ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ತೆಲುಗು ಮನೆಯವರು 'ಏಮಾರ್ಚು' ಅನ್ನುತ್ತಾರೆ, ಕೆಜಿಎಫ್‌ನ ತಮಿಳರು 'ಏಮಾತ್ತು' ಅನ್ನುತ್ತಾರೆ. ತಲೆಬರಹ ಬದಲಿಸಿ ಮತ್ತೆ ಓದಿದಾಗ ಅಮ್ಮ ತಲೆ ಎತ್ತದೆ ಕೇಳಿದ್ದು, "ಎಷ್ಟು ದಂಡ?"

ಆದರೂ ಒಂದು ಅಳುಕು. ಕಾನೂನಿನ ವಿಷಯ ಹೇಳುವ ಹಾಳೆಯಲ್ಲಿ 'ಯಾಮಾರಿಸು' ಸ್ವಲ್ಪ ಹಗುರ ಅನ್ನಿಸುತ್ತದಾ? 'ಏಮಾರಿಸು' ಅಂತ ಬರೆದರೆ ತೂಕ ಬರುತ್ತದಾ, ಇಲ್ಲಾ ಸುಮ್ನೆ ಹಳೇ ಪುಸ್ತಕದ ವಾಸನೆಯಾ? ಧಾರವಾಡ, ಮಂಗಳೂರು ಕಡೆಯವರು ಇದನ್ನು ಬಳಸುತ್ತೀರಾ?

ಇನ್ನೊಂದು, ಇದು ಜಾಸ್ತಿ ತಲೆನೋವು. 'ವೈಯಕ್ತಿಕ ಡೇಟಾ ಬಳಕೆ' ಅಂತ ಬರೆದಿದ್ದೆ. ಪಕ್ಕದ ಮನೆ ಹುಡುಗ ಓದಿ "ನನಗೆ ದಿನಕ್ಕೆ ಒಂದೂವರೆ ಜಿಬಿ, ಸಂಜೆಗೇ ಖಾಲಿ" ಅಂದ. ಡೇಟಾ ಅಂದರೆ ಅವನಿಗೆ ನೆಟ್ ಪ್ಯಾಕು. ಇಂಥ ವಿವರ ಕಾಪಾಡೋಕೆ ಅಂತ ನಮ್ಮ ದೇಶ ಮಾಡಿದ 2023ರ ಕಾಯ್ದೆಯ ಸುದ್ದಿಗಳಲ್ಲಿ 'ದತ್ತಾಂಶ' ಅಂತ ಬರುತ್ತದೆ, ಆದರೆ ಅದು ಲೆಕ್ಕದ ಪುಸ್ತಕದ ಮಾತು. 'ಖಾಸಗಿ ಮಾಹಿತಿ' ಅಂದರೆ ಮುಚ್ಚಿಡುವಂಥದ್ದು ಮಾತ್ರ ಅನ್ನಿಸುತ್ತದೆ. ಹೆಸರು, ಫೋನ್ ನಂಬರ್ ಯಾರೂ ಮುಚ್ಚಿಡಲ್ಲ, ಆದರೂ ಅವು ಇದರಲ್ಲಿ ಸೇರಬೇಕು. ಕೆಲಸಕ್ಕೆ ಅರ್ಜಿ ಹಾಕುವಾಗ 'ಸ್ವವಿವರ' ಅಂತ ಬರೆಯುತ್ತೇವಲ್ಲ, ಅದನ್ನೇ ಇಲ್ಲಿಗೆ ಎಳೆದು ತರಬಹುದೇ? 'ನಿಮ್ಮ ಸ್ವವಿವರವನ್ನು ಯಾರು ಬಳಸುತ್ತಿದ್ದಾರೆ?' ಅಂತ ಓದಿದರೆ ನಿಮಗೆ ಮೊದಲು ಏನು ಹೊಳೆಯುತ್ತದೆ, ಅದನ್ನು ಬರೆಯಿರಿ. ಪ್ರೆಸ್ಸಿಗೆ 18ಕ್ಕೆ ಕೊಡಬೇಕು.