ಕ್ಯಾಂಟೀನಿನ ‘ಯೆಹೂದಿ’ ಜೋಕಿಗೆ ಏನು ಹೇಳೋದು? ಜರ್ಮನಿಯ ಕನ್ನಡಿಗರ ಅನುಭವಗಳು

ಪ್ರಶ್ನೆ, ಸ್ಟುಟ್‌ಗಾರ್ಟ್ ಕಡೆಯಿಂದ:
ಇಲ್ಲಿನ ಒಂದು ಕಂಪನಿಯಲ್ಲಿ ಇಂಜಿನಿಯರ್ ನಾನು. ಊಟದ ದುಡ್ಡು ಹಂಚಿಕೊಳ್ಳುವಾಗ ಯಾರಾದ್ರೂ ಚಿಲ್ಲರೆ ಎಣಿಸಿದರೆ ಟೀಮಿನ ಹಿರಿಯರೊಬ್ಬರು, ಯೆಹೂದಿ ಅಂದ್ರೆ ಜಿಪುಣ ಅನ್ನೋ ಅರ್ಥದಲ್ಲಿ, ‘ಏನು, ಯೆಹೂದಿ ಆಗ್ಬಿಟ್ಯಾ?’ ಅಂತಾರೆ. ಎಲ್ಲರೂ ನಗ್ತಾರೆ. ಮನೆಗೆ ಬಂದು ಫೋನ್ ತೆಗೆದರೆ ನಮ್ಮದೇ ಕನ್ನಡ ವಾಟ್ಸಾಪ್ ಗ್ರೂಪಿನಲ್ಲಿ, ರಾಥ್ಸ್‌ಚೈಲ್ಡ್ ಅನ್ನೋ ಯೆಹೂದಿ ಬ್ಯಾಂಕರ್ ಕುಟುಂಬ ಜಗತ್ತಿನ ಬ್ಯಾಂಕುಗಳನ್ನೆಲ್ಲ ಆಡಿಸುತ್ತೆ ಅನ್ನೋ ಫಾರ್ವರ್ಡ್. ನಾನು ವೀಸಾ ಮೇಲಿರೋನು, ಜರ್ಮನ್ ಅಷ್ಟಕ್ಕಷ್ಟೇ. ಇಂಥ ಕಡೆ ಬಾಯಿ ಬಿಟ್ಟವರು ಇದ್ದೀರಾ? ಏನು ಹೇಳಿದ್ರಿ, ಆಮೇಲೆ ಏನಾಯ್ತು?

ಮ್ಯೂನಿಕ್‌ನಿಂದ ಒಬ್ಬರು:
ಸರ್, ಜರ್ಮನ್ ಕಮ್ಮಿ ಇರೋದು ಇಲ್ಲಿ ಅನುಕೂಲವೇ. ‘ಅರ್ಥ ಆಗ್ಲಿಲ್ಲ, ಚಿಲ್ಲರೆಗೂ ಯೆಹೂದಿಗೂ ಏನು ಸಂಬಂಧ?’ ಅಂತ ಗಂಭೀರವಾಗಿ ಕೇಳಿ. ಪರದೇಶದವನಿಗೆ ಬಿಡಿಸಿ ಹೇಳಬೇಕಲ್ಲ, ಅಲ್ಲಿಗೆ ನಗು ಮುಗೀತು. ನಾನು ಕೇಳಿದಾಗ ಆ ಮನುಷ್ಯ ‘ಸುಮ್ನೆ ಹಂಗೆ ಅಂತಾರಪ್ಪ’ ಅಂದು ಸೂಪಿನ ಕಡೆ ತಿರುಗಿದ. ನಿಜವಾಗಿ ನಂಬಿ ಮಾತಾಡೋರ ಹತ್ತಿರ ಮಾತ್ರ ಈ ಉಪಾಯ ಬೇಡ, ಖುಷಿಯಿಂದ ಅರ್ಧ ಗಂಟೆ ವಿವರಿಸ್ತಾರೆ! ಅಂಥವರಿಗೆ ‘ಈ ಮಾತು ನನಗೆ ಹಿಡಿಸಲ್ಲ’ ಅಂದು ನಿಲ್ಲಿಸಿಬಿಡಿ. ಗೆಲ್ಲೋಕೆ ಹೋಗ್ಬೇಡಿ. ಮೇಜಿನ ತುದಿಯಲ್ಲಿ ಸುಮ್ಮನೆ ಕೂತವರಲ್ಲಿ ಒಬ್ಬರು ಯೆಹೂದಿ ಇರಬಹುದು. ಎಷ್ಟೋ ಜನ ಅದನ್ನ ಆಫೀಸಿನಲ್ಲಿ ಹೇಳ್ಕೊಳ್ಳಲ್ಲ. ನಿಮ್ಮ ಮಾತು ಅವರ ಕಿವಿಗೆ ಬಿದ್ದರೆ ಸಾಕು.

ಬರ್ಲಿನ್‌ನ ಒಬ್ಬ ತಾಯಿ:
ನನ್ನದು ಆಫೀಸಲ್ಲ, ಮಗನ ಶಾಲೆ. ಆಟದಲ್ಲಿ ಜಗಳ ಬಂದರೆ ಮಕ್ಕಳು ‘ಯೂಡೆ’ ಅಂತ ಬೈಕೊಳ್ತಾರೆ, ಯೆಹೂದಿ ಅಂತ. ನಮ್ಮವನು ಅದನ್ನ ಬರೀ ಬೈಗುಳ ಅಂತಲೇ ಕಲಿತು ಬಂದಿದ್ದ. ಟೀಚರ್ ‘ಮಕ್ಕಳು, ತಿಳೀದೆ ಅಂತಾರೆ’ ಅಂದ್ರು. ಬಾಯಿಮಾತು ಬಿಟ್ಟು ಮೇಲ್ ಬರೆದೆ: ಯಾವ ದಿನ, ಯಾವ ಪದ, ಯಾರಿಗೆ. ಟರ್ಕಿ ಮೂಲದ ಇನ್ನೊಬ್ಬ ತಾಯಿ ಜೊತೆಗೆ ನಿಂತ್ರು. ಬರೆದದ್ದಕ್ಕೆ ಉತ್ತರ ಕೊಡಲೇಬೇಕಲ್ಲ, ತರಗತಿಯಲ್ಲಿ ಆ ಬಗ್ಗೆ ಪಾಠವೇ ನಡೀತು. ಇನ್ನೊಂದು ಗೊತ್ತಿರಲಿ: ಪೊಲೀಸ್ ಕೇಸ್ ಆಗದಂಥ ಯೆಹೂದಿ ದ್ವೇಷದ ಘಟನೆಯನ್ನೂ ‘ರಿಯಾಸ್’ ಅನ್ನೋ ಸಂಸ್ಥೆ ದಾಖಲಿಸಿಕೊಳ್ಳುತ್ತೆ. ಬರ್ಲಿನ್‌ನಲ್ಲಿ 2015ರಿಂದ ಇದೆ. ಕಂಡವರು, ಕೇಳಿದವರೂ ತಿಳಿಸಬಹುದು.

ಹಾಲೆಯಲ್ಲಿ ಓದುತ್ತಿರುವ ಮಂಗಳೂರಿನವರು:
‘ನಮಗ್ಯಾಕೆ ಊರ ಉಸಾಬರಿ’ ಅಂತ ನಮ್ಮವರೇ ಕೇಳ್ತಾರೆ ಮಾರಾಯ್ರೆ. ಅದಕ್ಕೆ ಉತ್ತರ ಈ ಹಾಲೆ ಊರಲ್ಲೇ ಉಂಟು. 2019ರ ಅಕ್ಟೋಬರ್ 9, ಯೆಹೂದಿಗಳ ಯೋಮ್ ಕಿಪ್ಪುರ್ ಹಬ್ಬದ ದಿನ, ಒಬ್ಬ ಬಂದೂಕು ಹಿಡಿದು ಇಲ್ಲಿನ ಸಿನಗಾಗ್‌ಗೆ, ಅಂದರೆ ಅವರ ಪ್ರಾರ್ಥನಾ ಮಂದಿರಕ್ಕೆ, ನುಗ್ಗಲು ನೋಡಿದ. ಬಾಗಿಲು ತಡೆದುಕೊಂಡಿತು, ಒಳಗಿದ್ದವರು ಉಳಿದರು. ಹೊರಗೆ ದಾರಿಹೋಕ ಹೆಂಗಸೊಬ್ಬರನ್ನೂ ಕಬಾಬ್ ಅಂಗಡಿಯಲ್ಲಿದ್ದ ಯುವಕನನ್ನೂ ಕೊಂದ. ನೇರಪ್ರಸಾರದಲ್ಲಿ ಅವನು ವಲಸಿಗರು ಬರುವುದನ್ನೂ ಬೈದ, ಎಲ್ಲಕ್ಕೂ ಮೂಲ ಯೆಹೂದಿಗಳು ಅಂದ. ಅದರ ಹಿಂದಿನ ವರ್ಷ ಅಮೆರಿಕದ ಪಿಟ್ಸ್‌ಬರ್ಗ್‌ನ ಸಿನಗಾಗ್‌ನಲ್ಲಿ 11 ಜನರನ್ನು ಕೊಂದವನಿಗೂ ನಿರಾಶ್ರಿತರಿಗೆ ನೆರವಾಗುವ ಯೆಹೂದಿ ಸಂಸ್ಥೆಯ ಮೇಲೆ ಸಿಟ್ಟು. ಇವರ ಕಥೆಯಲ್ಲಿ ತಂದವರು ಯೆಹೂದಿಗಳು, ಬಂದವರು ನಾವು. ಬದಿಗೆ ನಿಂತು ನೋಡುವ ಜಾಗ ನಮಗೆಲ್ಲಿ ಉಂಟು?

ಹ್ಯಾಂಬರ್ಗ್‌ನಲ್ಲಿರುವ ಧಾರವಾಡದವರು:
ವಾಟ್ಸಾಪ್ ಬಗ್ಗೆ ನಾ ಹೇಳ್ತೀನ್ರಿ. ಕ್ಯಾಂಟೀನಿಗಿಂತ ಇದಽ ಕಠಿಣ, ಯಾಕಂದ್ರ ಗಣಪತಿ ಹಬ್ಬಕ್ಕ ಮತ್ತ ಅವರದಽ ಮುಖ ನೋಡಬೇಕು. ಆ ಫಾರ್ವರ್ಡಿನ ಮುತ್ತಜ್ಜ ಅಂದ್ರ 1903ರಾಗ ರಷ್ಯಾದಾಗ ಅಚ್ಚಾದ ಖೊಟ್ಟಿ ದಾಖಲೆ. ಯೆಹೂದಿ ಹಿರಿಯರು ಗುಪ್ತವಾಗಿ ಕೂಡಿ ಜಗತ್ತು ಆಳೋ ಸಂಚು ಮಾಡ್ಯಾರ ಅಂತ ಅದರಾಗ ಕಥಿ. ಫ್ರಾನ್ಸಿನ ಮೂರನೇ ನೆಪೋಲಿಯನ್ನನ್ನ ಅಣಕಿಸಿ 1864ರಾಗ ಬಂದ ಪುಸ್ತಕದಿಂದ ಅದನ್ನ ಕದ್ದಾರ ಅಂತ 1921ರಾಗ ಲಂಡನ್ನಿನ ‘ಟೈಮ್ಸ್’ ತೋರಿಸಿಕೊಟ್ಟಿತು. ಮೂಲದಾಗ ಯೆಹೂದಿಗಳ ಸುದ್ದೀನಽ ಇಲ್ಲ! ಇಷ್ಟು ಬರೆದು ಹಾಕಿದೆ. ಒಬ್ಬರು ‘ಹಿಟ್ಲರ್ ನಮ್ಮ ಸ್ವಾತಂತ್ರ್ಯಕ್ಕ ಆಸರ ಆಗಿದ್ದ’ ಅಂತ ಬಂದ್ರು. ಭಾರತ ಬ್ಯಾರೆ ಯಾರ ಕೈಯಾಗೋ ಇರೋದಕ್ಕಿಂತ ಇಂಗ್ಲಿಷರ ಕೈಯಾಗಿರೋದಽ ವಾಸಿ ಅಂತ ಅಂವಾ ತನ್ನ ಪುಸ್ತಕದಾಗಽ ಬರದಾನ, ಅದನ್ನ ಹೇಳಿದೆ. ಬೆಂಗಳೂರಿನ ಫುಟ್‌ಪಾತಿನಾಗ ಅದನ್ನ ಕೊಳ್ಳೋರು ಆ ಪುಟದ ತನಕ ಹೋಗಂಗಿಲ್ಲ ಕಾಣಸ್ತದ. ಅವರು ಗ್ರೂಪ್ ಬಿಟ್ರು. ಕೆಲವರು ನನಗ ಖಾಸಗಿಯಾಗಿ ‘ಛಲೋ ಹೇಳಿದ್ರಿ’ ಅಂದ್ರು. ಗ್ರೂಪಿನ್ಯಾಗ ಒಬ್ಬರೂ ಪಿಟಕ್ ಅನ್ನಲಿಲ್ಲ.

ಫ್ರಾಂಕ್‌ಫರ್ಟ್‌ನಿಂದ:
ಅಣ್ಣ, ನಾನು ಒಪ್ಪಲ್ಲ. ಎಲ್ಲರೆದುರು ತಿದ್ದಿದರೆ ಹಿರಿಯರು ಹಠಕ್ಕೆ ಬೀಳ್ತಾರೆ. ಅಂಥದ್ದೇ ಫಾರ್ವರ್ಡ್ ಹಾಕಿದ ಒಬ್ಬ ಹಿರಿಯರಿಗೆ ನಾನು ಫೋನ್ ಮಾಡಿ ‘ಅಂಕಲ್, ನಮ್ಮೂರಲ್ಲಿ ಮಾರ್ವಾಡಿ ಬಡ್ಡಿ ಜೋಕ್ ಹೇಳ್ತಾರಲ್ಲ, ಅದೇ ಅಚ್ಚು’ ಅಂದೆ. ಮಧ್ಯಯುಗದ ಯುರೋಪಿನಲ್ಲಿ ಬಹಳ ಕಡೆ ಯೆಹೂದಿಗಳು ಜಮೀನು ಕೊಳ್ಳುವಂತಿರಲಿಲ್ಲ, ಕಸುಬುದಾರರ ಸಂಘಗಳಿಗೆ ಸೇರುವಂತಿರಲಿಲ್ಲ. ಕ್ರೈಸ್ತರು ಬಡ್ಡಿ ತಗೊಳ್ಳೋದನ್ನ ಚರ್ಚ್ ನಿಷೇಧಿಸಿತ್ತು. ಹಾಗಾಗಿ ಲೇವಾದೇವಿ ಕೆಲವರ ಪಾಲಿಗೆ ಬಂತು, ಕೆಟ್ಟ ಹೆಸರು ಬಡವರಿಗೂ ಸೇರಿ ಎಲ್ಲರಿಗೂ ಬಂತು. ಇದನ್ನೆಲ್ಲ ಕೇಳಿ ಅಂಕಲ್ ತಾವೇ ಅಳಿಸಿದ್ರು.

ಧಾರವಾಡದವರು:
ಅಳಿಸಿದ್ದು ಛಲೋ ಆತು ತಮ್ಮಾ. ಅಷ್ಟರಾಗ ಓದಿ ಮುಗಿಸಿದವರಿಗೆ ಯಾರು ಫೋನ್ ಮಾಡೋರು?

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಇನ್ನೊಂದು ಅನುಮಾನ. ಗಾಜಾದಲ್ಲಿ ಆಗಿದ್ದರ ಬಗ್ಗೆ ನನಗೂ ಸಿಟ್ಟಿದೆ. ಜೋಕ್ ಬೇಡ ಅಂದರೆ ಇಸ್ರೇಲಿನ ಪರ ಅಂದ್ಕೊಳ್ತಾರಾ? ವಿಷಯ ಬಿಗಿಯಾದರೆ ನೇರ ಎಚ್.ಆರ್. ಹತ್ತಿರ ಹೋಗೋದಾ?

ಬರ್ಲಿನ್‌ನ ತಾಯಿ:
ಅಂದ್ಕೊಂಡ್ರೆ ಅಂದ್ಕೊಳ್ಳಲಿ ಬಿಡಿ. ಇಸ್ರೇಲ್ ಸರ್ಕಾರವನ್ನ ಬೈಯೋದಕ್ಕೆ ಯಾರ ಅಡ್ಡಿಯೂ ಇಲ್ಲ, ಯೆಹೂದಿಗಳೇ ಬೈತಾರೆ. ಇಲ್ಲೇ ಹುಟ್ಟಿ ಬೆಳೆದ ಯೆಹೂದಿ ಸಹೋದ್ಯೋಗಿಯನ್ನ ‘ನಿಮ್ಮವರು ಯಾಕೆ ಹಿಂಗೆ ಮಾಡ್ತಾರೆ’ ಅಂತ ನಿಲ್ಲಿಸಿ ಕೇಳೋದು ಬೇರೆ ವಿಷಯ.

ಮ್ಯೂನಿಕ್‌ನವರು:
ಮೊದಲು ಬೆಟ್ರೀಬ್ಸ್‌ರಾಟ್ ಹತ್ತಿರ ಹೋಗಿ ಸರ್, ನೌಕರರೇ ಆರಿಸಿದ ಮಂಡಳಿ, ನಿಮ್ಮ ಕಂಪನಿಯಲ್ಲಿ ಇದ್ದರೆ. ಧರ್ಮ, ಜನಾಂಗದ ಹೆಸರಲ್ಲಿ ಕಿರುಕುಳ ಆಗದಂತೆ ನೋಡಿಕೊಳ್ಳೋದು 2006ರ ಸಮಾನತೆ ಕಾನೂನಿನ ಪ್ರಕಾರ ಕಂಪನಿಯ ಹೊಣೆ. ಹೋಗೋ ಮುಂಚೆ ಆಡಿದ ಮಾತು, ತಾರೀಖು, ಅವತ್ತು ಮೇಜಿನಲ್ಲಿ ಯಾರ್ಯಾರಿದ್ರು ಅನ್ನೋದನ್ನ ಬರೆದಿಟ್ಕೊಳ್ಳಿ. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಬೇಡ, ಸ್ವಂತದ್ದರಲ್ಲಿ.